18 ತಿಂಗಳಲ್ಲಿ ಅಮೆರಿಕಾ ಅಂತಿದಾರೆ, ತೋಟ ಅಡ ಇಟ್ಟು ದುಡ್ಡು ಕಟ್ಲಾ?

ಪ್ರಶ್ನೆ: ಮೇಡಂ, ನಂಗೆ 28 ವರ್ಷ. ಚಿಕ್ಕಮಗಳೂರು ಜಿಲ್ಲೆಯವಳು, ಆರ್‌ಜಿಯುಎಚ್‌ಎಸ್‌ನಲ್ಲಿ ಬಿಎಸ್‌ಸಿ ನರ್ಸಿಂಗ್ ಮಾಡಿ ಬೆಂಗಳೂರಿನ ಒಂದು ಪ್ರೈವೇಟ್ ಆಸ್ಪತ್ರೆ ಐಸಿಯುನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀನಿ. ಮದುವೆ ಆಗಿದೆ, ಎರಡು ವರ್ಷದ ಮಗಳಿದಾಳೆ. ಒಂದು ಕನ್ಸಲ್ಟೆನ್ಸಿಯವರು ಇಬಿ-3 ಗ್ರೀನ್ ಕಾರ್ಡ್ ಸ್ಪಾನ್ಸರ್ ಕೊಡಿಸ್ತೀವಿ, 18 ತಿಂಗಳಲ್ಲಿ ಫ್ಯಾಮಿಲಿ ಸಮೇತ ಅಮೆರಿಕಾ ಅಂದ್ರು. ಒಟ್ಟು 4.75 ಲಕ್ಷ, ಈಗಾಗಲೇ 25 ಸಾವಿರ ಕಟ್ಟಿದೀನಿ, ಒರಿಜಿನಲ್ ಸರ್ಟಿಫಿಕೇಟ್ ಎಲ್ಲಾ ಅವ್ರತ್ರ ಇದೆ. ಮೂರು ವರ್ಷದ ಬಾಂಡ್, ಮಧ್ಯ ಬಿಟ್ರೆ 20,000 ಡಾಲರ್ ಕಟ್ಬೇಕಂತೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತಗೊಳ್ತೀನಿ ಅಂತಿದಾರೆ. ಫ್ರೆಂಡ್ಸ್ ಯುಕೆ ಈಸಿ ಅಂತಾರೆ, ಕೆಲವರು ಜರ್ಮನಿ ಅಂತಾರೆ. ಏನ್ ಮಾಡ್ಲಿ?

ಉತ್ತರ: ತೋಟದ ಪತ್ರ ಇನ್ನೂ ಬ್ಯಾಂಕಿಗೆ ಹೋಗಿಲ್ಲ ತಾನೆ? ಹಾಗಿದ್ರೆ ಅಲ್ಲಿಗೇ ನಿಲ್ಸಿ. ಅಪ್ಪಂಗೆ ಇವತ್ತೇ ಫೋನ್ ಮಾಡಿ ಹೇಳಿ, ಆಮೇಲೆ ಮುಂದಕ್ಕೆ ಓದಿ.

ಅಮೆರಿಕಾಗೆ ಹೋಗೋದು ಆಗದ ಕೆಲಸ ಅಂತ ನಾನು ಹೇಳ್ತಿಲ್ಲ, ನಮ್ಮ ಕಡೆಯ ಎಷ್ಟೋ ಹುಡುಗೀರು ಅಲ್ಲಿ ಚೆನ್ನಾಗಿದಾರೆ. ಆದ್ರೆ 18 ತಿಂಗಳು ಅನ್ನೋ ಮಾತಿದೆಯಲ್ಲ, ಭಾರತದಲ್ಲಿ ಹುಟ್ಟಿದ ನರ್ಸ್‌ಗೆ ಅದು ಈಗ ಸಾಧ್ಯ ಇಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆಗಿಬಿಟ್ರೆ ನಾಳೆ ಬೇರೆ ಯಾರೇ ಬಂದು ಬೇರೆ ಯಾವ ದೇಶದ ಹೆಸರು ಹೇಳಿದ್ರೂ ನೀವೇ ಲೆಕ್ಕ ಹಾಕ್ಬಹುದು.

ಅಮೆರಿಕಾ ವರ್ಷಕ್ಕೆ ಸುಮಾರು 1,40,000 ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ಕೊಡತ್ತೆ, ಅದನ್ನ ಬೇರೆಬೇರೆ ಕೆಟಗರಿಗೆ ಹಂಚ್ತಾರೆ, ಅದ್ರಲ್ಲಿ ನರ್ಸ್‌ಗಳು ಬರೋದು ಇಬಿ-3ಯಲ್ಲಿ. ಅದ್ರ ಮೇಲೆ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಜಾಸ್ತಿ ಹೋಗಬಾರದು ಅಂತ ಮಿತಿ ಇದೆ. ಭಾರತದ ಸಾಫ್ಟ್‌ವೇರ್‌ನವರು ಮೊದ್ಲೇ ಆ ಲೈನಲ್ಲಿ ತುಂಬ್ಕೊಂಡಿದಾರೆ, ನರ್ಸ್ ಅಂತ ಬೇರೆ ಲೈನ್ ಇಲ್ಲ. ಅಲ್ಲಿನ ಸ್ಟೇಟ್ ಡಿಪಾರ್ಟ್‌ಮೆಂಟ್ ಪ್ರತಿ ತಿಂಗಳು ವೀಸಾ ಬುಲೆಟಿನ್ ಅಂತ ಒಂದು ಪಟ್ಟಿ ಹಾಕತ್ತೆ, ಯಾರು ಬೇಕಾದ್ರೂ ಫೋನಲ್ಲೇ ಫ್ರೀಯಾಗಿ ನೋಡ್ಬಹುದು. ಅದ್ರಲ್ಲಿ 2025ರ ಅಕ್ಟೋಬರ್‌ನಲ್ಲಿ ಇಬಿ-3 ಇಂಡಿಯಾ ಕಾಲಂನಲ್ಲಿ ಇದ್ದ ತಾರೀಖು 2013ರ ಆಗಸ್ಟ್. ಅಂದ್ರೆ ಕೌಂಟರ್ ಮುಂದೆ ನಿಂತಿರೋರು 2013ರಲ್ಲಿ ಟೋಕನ್ ತಗೊಂಡವರು. ನೀವು ಈಗ ತಗೊಂಡ್ರೆ ನಿಮ್ಮ ಸರದಿ ಬರೋ ಹೊತ್ತಿಗೆ ನಿಮ್ಮ ಮಗಳು ಹೈಸ್ಕೂಲೋ ಪಿಯುಸಿಯೋ ಇರ್ತಾಳೆ. ಮಕ್ಕಳಿಗೆ 21 ತುಂಬಿದ್ರೆ ಸಾಮಾನ್ಯವಾಗಿ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳ್ತಾರೆ, ಅದೂ ತಲೇಲಿರಲಿ.

ಇಲ್ಲಿ ಒಂದು ವಿಷಯ, ಮಂಗಳೂರು ಉಡುಪಿ ಕಡೆಯವರಿಗೆ ಉಪಯೋಗಕ್ಕೆ ಬರಬಹುದು ಅಂತ ಹೇಳ್ತಿದೀನಿ. ಈ ಲೈನ್ ನೋಡೋದು ಪಾಸ್‌ಪೋರ್ಟಿಂದ ಅಲ್ಲ, ಹುಟ್ಟಿದ ದೇಶದಿಂದ. ನೀವು ಅಥವಾ ನಿಮ್ಮ ಗಂಡ ಕುವೈತ್‌ನಲ್ಲೋ ಬಹ್ರೇನ್‌ನಲ್ಲೋ ಹುಟ್ಟಿದ್ರೆ, ಅಪ್ಪ ಅಮ್ಮ ಆಗ ಅಲ್ಲಿ ಕೆಲಸದಲ್ಲಿ ಇದ್ರು ಅನ್ನೋ ಕಾರಣಕ್ಕೆ, ಭಾರತದ ಲೈನ್ ಬಿಟ್ಟು ಆ ದೇಶದ ಲೈನಲ್ಲಿ ನಿಲ್ಲೋಕೆ ಆಗತ್ತೆ, ಅಲ್ಲೂ ಕಾಯೋದಿದೆ ಆದ್ರೆ ಇಷ್ಟು ವರ್ಷ ಇಲ್ಲ. ಇಬ್ರೂ ಇಲ್ಲೇ ಹುಟ್ಟಿದವರಾದ್ರೆ ಈ ದಾರಿ ಇಲ್ಲ.

ಎಚ್-1ಬಿ, ಅಂದ್ರೆ ಡಿಗ್ರಿ ಬೇಕೇ ಬೇಕು ಅನ್ನೋ ಕೆಲಸಗಳಿಗೆ ಕೊಡೋ ವರ್ಕ್ ವೀಸಾದಲ್ಲಿ ಕಳಿಸ್ತೀವಿ ಅಂತಲೂ ಕೆಲವರು ಹೇಳ್ತಾರೆ. ಅಲ್ಲಿ ಸಾಮಾನ್ಯ ಸ್ಟಾಫ್ ನರ್ಸ್ ಕೆಲಸಕ್ಕೆ ಡಿಗ್ರಿ ಕಡ್ಡಾಯ ಅಲ್ಲ, ಹಾಗಾಗಿ ಆ ವೀಸಾ ಮಾಮೂಲಿ ವಾರ್ಡ್ ಕೆಲಸಕ್ಕೆ ಸಿಗೋದು ತುಂಬಾ ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಲೈಸೆನ್ಸ್ ಬೇರೆ, ಸ್ಪಾನ್ಸರ್‌ಶಿಪ್ ಬೇರೆ. ಲೈಸೆನ್ಸ್ ನಿಮ್ಮ ಓದು ನಿಮ್ಮ ಪರೀಕ್ಷೆ, ಒಮ್ಮೆ ಬಂದ್ರೆ ನಿಮ್ಮದು, ಯಾವ ಏಜೆಂಟೂ ಕಿತ್ಕೊಳ್ಳೋಕಾಗಲ್ಲ. ಸ್ಪಾನ್ಸರ್‌ಶಿಪ್ ಕೆಲಸ ಕೊಡೋನ ಕೈಲಿರತ್ತೆ, ಅವನಿಗೆ ಬೇಕು ಅಂದಾಗ ಕೊಡ್ತಾನೆ. ಕನ್ಸಲ್ಟೆನ್ಸಿಯವರು ಮಾಡೋದೇನು ಅಂದ್ರೆ ಈ ಎರಡನ್ನೂ ಒಂದೇ ಪ್ಯಾಕೇಜ್ ಮಾಡಿ, ನೀವೇ ಕೂತು ಮಾಡ್ಕೋಬಹುದಾದ ಲೈಸೆನ್ಸ್ ಕೆಲಸಕ್ಕೆ ಲಕ್ಷ ಲಕ್ಷ ತಗೊಂಡು, ಅವರ ಕೈಲೇ ಇಲ್ಲದ ಸ್ಪಾನ್ಸರ್‌ಶಿಪ್‌ನ ಮಾತಲ್ಲಿ ಕೊಡ್ತಾರೆ. ಅದಕ್ಕೆ ನಾನು ಎಲ್ರಿಗೂ ಹೇಳೋದು ಒಂದೇ, ಮೊದ್ಲು ಲೈಸೆನ್ಸ್ ದಾರೀಲಿ ಎಷ್ಟು ದೂರ ಸ್ವಂತ ಹೋಗೋಕಾಗತ್ತೋ ಅಷ್ಟು ಹೋಗಿ, ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲಲ್ಲಿ, ನಿಮ್ಮ ಪಾಸ್‌ವರ್ಡಲ್ಲಿ. ಈಮೇಲ್ ವಿಷಯ ತಮಾಷೆ ಅಲ್ಲ. ಏಜೆಂಟ್ ಮಾಡಿಕೊಟ್ಟ ಜಿಮೇಲ್‌ಗೆ ಎನ್‌ಕ್ಲೆಕ್ಸ್ (ಅಮೆರಿಕಾದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಪರ್ಮಿಷನ್ ಬಂದು, ದುಡ್ಡು ಪೂರ್ತಿ ಕಟ್ಟೋ ತನಕ ಪಾಸ್‌ವರ್ಡ್ ಕೊಡಲ್ಲ ಅಂದು, ಕೊನೆಗೆ ಪರೀಕ್ಷೆ ಬರೆಯೋ ಅವಧಿಯೇ ಮುಗಿದುಹೋದ ಹುಡುಗಿ ನನ್ನ ಮುಂದೆ ಕೂತು ಅತ್ತಿದಾಳೆ.

ಎನ್‌ಕ್ಲೆಕ್ಸ್-ಆರ್‌ಎನ್ ಬರೆಯೋಕೆ ಅಮೆರಿಕಾಗೆ ಹೋಗ್ಬೇಕಿಲ್ಲ, ಬೆಂಗಳೂರಲ್ಲೇ ಪಿಯರ್ಸನ್ ವ್ಯೂ ಸೆಂಟರ್‌ನಲ್ಲಿ ಬರೀಬಹುದು. ಒಂದು ರಾಜ್ಯದ ನರ್ಸಿಂಗ್ ಬೋರ್ಡ್ ಆರಿಸ್ಕೊಂಡು ಅರ್ಜಿ ಹಾಕ್ಬೇಕು, ಕೆಲವು ರಾಜ್ಯಗಳು ಅಲ್ಲಿನ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೇಳ್ತವೆ, ಅಂಥವು ನಮಗೆ ಆಗಲ್ಲ. ಪರೀಕ್ಷೆ ಫೀಸ್ 200 ಡಾಲರ್, ಹೊರದೇಶದಲ್ಲಿ ಬರೆಯೋದಕ್ಕೆ ಇನ್ನೊಂದು 150 ಡಾಲರ್ ಮತ್ತೆ ಟ್ಯಾಕ್ಸು. ಬೋರ್ಡ್ ಫೀಸು, ಡಾಕ್ಯುಮೆಂಟ್ ಇವ್ಯಾಲುಯೇಷನ್ ಫೀಸು ಬೇರೆ. ಕಮ್ಮಿ ಅಂದ್ರೆ 85, ಜಾಸ್ತಿ ಅಂದ್ರೆ 150 ಪ್ರಶ್ನೆ, ಐದು ಗಂಟೆ, ನೀವು ಉತ್ತರ ಕೊಟ್ಟ ಹಾಗೆ ಕಂಪ್ಯೂಟರ್ ಮುಂದಿನ ಪ್ರಶ್ನೆ ಕಷ್ಟದ್ದೋ ಸುಲಭದ್ದೋ ಅಂತ ನಿರ್ಧಾರ ಮಾಡತ್ತೆ. 2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿ ಥರದ ಪ್ರಶ್ನೆ ಬಂದಿವೆ, ಹಳೇ ಪುಸ್ತಕ ಓದ್ಬೇಡಿ. ನಮ್ಮ ಐಸಿಯು ಹುಡುಗೀರು ಇದನ್ನ ಪಾಸ್ ಮಾಡ್ತಾರೆ, ಕಷ್ಟ ಆಗೋದು ಡಾಕ್ಟರ್ ಹೇಳಿದ್ದು ಮಾಡಿ ಅಭ್ಯಾಸ ಆಗಿ, ನಾಲ್ಕು ಪೇಷೆಂಟಲ್ಲಿ ಯಾರ ಹತ್ರ ಮೊದ್ಲು ಹೋಗ್ತೀರ ಅಂತ ಕೇಳಿದಾಗ.

ಈಗ ನಿಮ್ಮ ಪ್ಯಾಕೇಜ್‌ನಲ್ಲಿ ವೀಸಾಸ್ಕ್ರೀನ್ (ನಿಮ್ಮ ಓದು, ಲೈಸೆನ್ಸ್, ಇಂಗ್ಲಿಷ್ ಸರಿ ಇದೆ ಅಂತ ವೀಸಾಗೆ ತೋರಿಸೋ ಸರ್ಟಿಫಿಕೇಟ್) ಕೂಡ ಈಗಲೇ ಮಾಡಿಸ್ತೀವಿ ಅಂತ ಇದ್ರೆ ಗಮನಿಸಿ. ಅದನ್ನ ಕೊಡೋದು ಸಿಜಿಎಫ್‌ಎನ್‌ಎಸ್ ಅನ್ನೋ ಅಮೆರಿಕಾದ ಸಂಸ್ಥೆ, ಈಗ ಟ್ರೂಮೆರಿಟ್ ಅಂತ ಹೆಸರು ಬದಲಾಗಿದೆ. ಅದರ ಅವಧಿ 5 ವರ್ಷ, ಅದು ಬೇಕಾಗೋದು ಕೊನೇಲಿ, ವೀಸಾ ಇಂಟರ್‌ವ್ಯೂ ಹೊತ್ತಿಗೆ. ಹತ್ತು ವರ್ಷಕ್ಕೂ ಮೇಲೆ ಕಾಯೋ ಲೈನಲ್ಲಿ ಇವತ್ತೇ ಅದಕ್ಕೆ ದುಡ್ಡು ಸುರಿಯೋದು ಅಂದ್ರೆ ಮದುವೆಗೆ ಹತ್ತು ವರ್ಷ ಇರುವಾಗಲೇ ಹೂವು ತಂದಿಟ್ಟ ಹಾಗೆ. ಲೈನಲ್ಲಿ ಹೆಸರು ಹಚ್ಚೋಕೆ, ಅಂದ್ರೆ ಕೆಲಸ ಕೊಡೋನು ಐ-140 ಅಂತ ಅರ್ಜಿ ಹಾಕೋಕೆ, ನಿಮ್ಮ ಕಡೆಯಿಂದ ಎನ್‌ಕ್ಲೆಕ್ಸ್ ಪಾಸಾಗಿರೋ ದಾಖಲೆ ಸಾಕು. ನರ್ಸ್‌ಗಳು ಶೆಡ್ಯೂಲ್ ಎ, ಅಂದ್ರೆ ಅಲ್ಲಿ ಜನ ಸಾಕಾಗಲ್ಲ ಅಂತ ಸರ್ಕಾರವೇ ಒಪ್ಪಿರೋ ಕೆಲಸಗಳ ಪಟ್ಟಿಯಲ್ಲಿ ಇರೋದ್ರಿಂದ ಅಲ್ಲಿನವರು ಯಾರೂ ಸಿಗಲಿಲ್ಲ ಅಂತ ಜಾಹೀರಾತು ಕೊಟ್ಟು ತೋರಿಸೋ ತಲೆನೋವೂ ಅವರಿಗಿಲ್ಲ.

ಹಾಗಾಗಿ ಅಮೆರಿಕಾ ಪೂರ್ತಿ ಬಿಟ್ಬಿಡಿ ಅಂತ ಅಲ್ಲ. ನಿಮ್ಮಿಂದ ದುಡ್ಡು ತಗೊಳ್ಳದ ಒಬ್ಬ ಒಳ್ಳೆ ಸ್ಪಾನ್ಸರ್ ಸಿಕ್ಕಿ ಐ-140 ಅಪ್ರೂವ್ ಆದ್ರೆ ಆ ಪ್ರಯಾರಿಟಿ ಡೇಟ್, ಅಂದ್ರೆ ನೀವು ಲೈನಲ್ಲಿ ನಿಂತ ತಾರೀಖು, ಸಾಮಾನ್ಯವಾಗಿ ನಿಮ್ಮ ಜೊತೆ ಉಳಿಯತ್ತೆ, ಮುಂದೆ ಬೇರೆ ಆಸ್ಪತ್ರೆ ಹೊಸದಾಗಿ ಅರ್ಜಿ ಹಾಕಿದ್ರೂ ಹಳೇ ತಾರೀಖನ್ನೇ ಹಿಡ್ಕೋಬಹುದು. ಟೋಕನ್ ತಗೊಂಡು ಜೇಬಲ್ಲಿ ಇಟ್ಕೊಳ್ಳಿ, ಬದುಕು ಬೇರೆ ಕಡೆ ನಡೆಸಿ.

ಬಾಂಡ್ ಬಗ್ಗೆ. ಮೂರು ವರ್ಷದ ಕೆಲಸದ ಒಪ್ಪಂದ ಅನ್ನೋದೇ ತಪ್ಪಲ್ಲ, ತುಂಬಾ ಕಡೆ ಇರತ್ತೆ. ಆದ್ರೆ ಬಿಟ್ರೆ 20,000 ಡಾಲರ್ ಅನ್ನೋದು ಖರ್ಚಿನ ಲೆಕ್ಕ ಅಲ್ಲ, ಹೆದರಿಸೋ ಲೆಕ್ಕ. 2019ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಲ್ಲಿ ಫಿಲಿಪೀನ್ಸ್ ನರ್ಸ್‌ಗಳ ಕೇಸಲ್ಲಿ ಇದೇ ಥರದ 25,000 ಡಾಲರ್ ದಂಡದ ಕರಾರು ಜಾರಿ ಮಾಡೋಕಾಗಲ್ಲ, ಮನುಷ್ಯ ಸಾಗಣೆ ತಡೆಯೋ ಕಾನೂನಿಗೆ ವಿರುದ್ಧ ಅಂತ ತೀರ್ಪು ಬಂದಿದೆ. ಆದ್ರೂ ಸೈನ್ ಹಾಕಿ ಆಮೇಲೆ ಕೋರ್ಟಿಗೆ ಹೋಗೋ ಬದ್ಲು ಈಗಲೇ ಕೇಳಿ, ಈ ಮೊತ್ತ ಯಾವ್ಯಾವ ಖರ್ಚಿಂದ ಬಂತು, ಒಂದು ವರ್ಷ ಕೆಲಸ ಮಾಡಿದ ಮೇಲೆ ಎಷ್ಟು ಇಳಿಯತ್ತೆ ಅಂತ. ಉತ್ತರ ಕೊಡದೇ ಇದ್ರೆ ಅದೇ ಉತ್ತರ.

ದುಡ್ಡಿನ ಬಗ್ಗೆ ನಮ್ಮ ದೇಶದ ಕಾನೂನೇ ಇದೆ, ಯಾರೂ ಹೇಳಲ್ಲ. ಹೊರದೇಶದ ಕೆಲಸಕ್ಕೆ ಜನ ಕಳಿಸೋರು 1983ರ ಎಮಿಗ್ರೇಷನ್ ಆಕ್ಟ್ ಪ್ರಕಾರ ಲೈಸೆನ್ಸ್ ತಗೊಂಡಿರ್ಬೇಕು, ಅಭ್ಯರ್ಥಿಯಿಂದ ತಗೊಳ್ಳೋ ಸರ್ವಿಸ್ ಚಾರ್ಜು 30,000 ರೂಪಾಯಿ ಮತ್ತೆ ಜಿಎಸ್‌ಟಿ, ಒಟ್ಟು 35,400 ದಾಟೋ ಹಾಗಿಲ್ಲ, ಅದಕ್ಕೆ ರಸೀತಿ ಕೊಡ್ಬೇಕು. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಲೈಸೆನ್ಸ್ ಇರೋ ಏಜೆಂಟರ ಪಟ್ಟಿ ಇದೆ. ಬೆಂಗಳೂರಲ್ಲಿ ಓವರ್‌ಸೀಸ್ ಅಂತ ಬೋರ್ಡ್ ಹಾಕ್ಕೊಂಡಿರೋ ಎಷ್ಟೋ ಆಫೀಸಿಗೆ ಇರೋದು ಬರೀ ಅಂಗಡಿ ಲೈಸೆನ್ಸು, ಕೋಚಿಂಗ್ ಸೆಂಟರ್ ರಿಜಿಸ್ಟ್ರೇಷನ್ನು. ನಿಮ್ಮವರ ಹೆಸರು ಆ ಪಟ್ಟಿಯಲ್ಲಿ ಇದೆಯಾ ನೋಡಿ. ಕರ್ನಾಟಕ ಸರ್ಕಾರದ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದಲ್ಲೇ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಅಂತ ಇದೆ, ಅಲ್ಲಿಗೂ ಒಂದ್ಸಲ ಹೋಗಿ ವಿಚಾರಿಸಿ. ಕೇರಳದವರು ಅವರ ಸರ್ಕಾರದ ನೋರ್ಕಾ ಸಂಸ್ಥೆ ಮೂಲಕ ಎಷ್ಟು ಸಲೀಸಾಗಿ ಹೋಗ್ತಾರೆ ಅಂತ ನೋಡಿ ನಂಗೆ ಹೊಟ್ಟೆ ಉರಿಯತ್ತೆ, ನಮ್ಮ ಹುಡುಗೀರಿಗೆ ಇಂಥದ್ದು ಇದೆ ಅಂತಾನೇ ಗೊತ್ತಿರಲ್ಲ.

ಯುಕೆ ವಿಷಯಕ್ಕೆ ಬಂದ್ರೆ, ನಾನು ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿದೀನಿ, ಬಂದ ಹುಡುಗೀರಿಗೆ ಆಸ್ಕಿ (ಒಎಸ್‌ಸಿಇ) ಅನ್ನೋ ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಿ ಮಾಡಿಸೋದೇ ನನ್ನ ಕೆಲಸ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್‌ನಲ್ಲಿ ಓದೋದು ಕೇಳೋದು ಮಾತಾಡೋದು 7, ಬರೆಯೋದು 6.5, ಇಲ್ಲಾಂದ್ರೆ ಒಇಟಿಯಲ್ಲಿ ಮೂರಕ್ಕೆ ಬಿ, ಬರೆಯೋದಕ್ಕೆ ಸಿ ಪ್ಲಸ್. ನಾನು ಬರೆಯುವಾಗ ಬರವಣಿಗೆಗೂ 7 ಬೇಕಿತ್ತು, ಮೂರು ಸಲ 6.5ಕ್ಕೇ ನಿಂತು ನಾಲ್ಕನೇ ಸಲ ಪಾಸಾದೆ, 2018ರ ಕೊನೇಲಿ ಅದನ್ನ ಇಳಿಸಿದ್ರು. ನಿಮ್ಮಂಥೋರಿಗೆ ನಾನು ಹೇಳೋದು ಒಇಟಿ, ಯಾಕಂದ್ರೆ ಅದ್ರಲ್ಲಿ ಬರೆಯೋದು ಡಿಸ್ಚಾರ್ಜ್ ಲೆಟರ್ ರೆಫರಲ್ ಲೆಟರ್, ಪರಿಸರ ಮಾಲಿನ್ಯದ ಮೇಲೆ ಪ್ರಬಂಧ ಅಲ್ಲ. ಆಮೇಲೆ ಸಿಬಿಟಿ, ಅಂದ್ರೆ ಕಂಪ್ಯೂಟರಲ್ಲಿ ಬರೆಯೋ ನರ್ಸಿಂಗ್ ಪರೀಕ್ಷೆ, 83 ಪೌಂಡ್, ಇಲ್ಲೇ ಬರೀಬಹುದು, ಯುಕೆ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಗೆ ಅರ್ಜಿ 140 ಪೌಂಡ್. ಇಂಗ್ಲಿಷ್ ಪರೀಕ್ಷೆ ಸೇರಿಸಿ ಒಂದೇ ಸಲಕ್ಕೆ ಪಾಸಾದ್ರೆ ಇಲ್ಲಿವರೆಗಿನ ಖರ್ಚು ಒಂದು ಲಕ್ಷ ಮುಟ್ಟಲ್ಲ. ಅದು ತೋಟ ಅಡ ಇಡೋ ದುಡ್ಡಲ್ಲ.

ಕೊನೇದು ಆಸ್ಕಿ, ಅದು ಯುಕೆಗೆ ಹೋದ ಮೇಲೆ. 794 ಪೌಂಡ್, ಸಾಮಾನ್ಯವಾಗಿ ಆಸ್ಪತ್ರೆಯೇ ಕಟ್ಟತ್ತೆ. ಹತ್ತು ಸ್ಟೇಷನ್, ಒಂದೊಂದರಲ್ಲೂ ಒಂದೊಂದು ಕೆಲಸ ಮಾಡಿ ತೋರಿಸ್ಬೇಕು. ಇಲ್ಲಿ ನಮ್ಮೋರು ಎಡವೋದು ಕೈ ಕೆಲಸದಲ್ಲಿ ಅಲ್ವೇ ಅಲ್ಲ. ಹನ್ನೆರಡು ವರ್ಷ ಐಸಿಯು ಮಾಡಿದ ಒಬ್ಬಳನ್ನ ನಾನು ಟ್ರೈನ್ ಮಾಡ್ದೆ, ಕಣ್ಣು ಮುಚ್ಚಿ ಕ್ಯಾನುಲಾ ಹಾಕೋಳು. ಮಾತ್ರೆ ಕೊಡೋ ಸ್ಟೇಷನ್‌ನಲ್ಲಿ ಟ್ರಾಲಿ ಹತ್ರ ಹೋದ್ಲು, ಡೋಸ್ ಲೆಕ್ಕ ಸರಿ, ಟೈಮ್ ಸರಿ, ಕೈಗೆ ಸ್ಯಾನಿಟೈಸರ್ ಹಾಕಿದ್ಲು, ಮಾತ್ರೆ ಕಪ್‌ಗೆ ಹಾಕಿ ಪೇಷೆಂಟ್ ಕೈಗೆ ಕೊಟ್ಲು. ಚಾರ್ಟ್ ಮೇಲ್ಭಾಗದಲ್ಲಿ ಕೆಂಪು ಬಾಕ್ಸಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಬರೆದಿತ್ತು. ಅವಳು ಅದನ್ನ ನೋಡಿದ್ಲಂತೆ, ಆದ್ರೆ ಬಾಯಿಬಿಟ್ಟು ಕೇಳಲಿಲ್ಲ, ಕೈಗೆ ಕಟ್ಟಿದ ಬ್ಯಾಂಡ್ ತಿರುಗಿಸಿ ಹೆಸರು ಹುಟ್ಟಿದ ದಿನ ಹೊಂದಿಸಲಿಲ್ಲ. ಫೇಲ್. ನಮ್ಮ ವಾರ್ಡ್‌ಗಳಲ್ಲಿ 30 ಪೇಷೆಂಟ್ ಇಟ್ಕೊಂಡು ಓಡಾಡುವಾಗ ಅಜ್ಜಿ ಕೈ ಕೊಡಿ ಅಂತ ಇಂಜೆಕ್ಷನ್ ಹಾಕಿ ಮುಂದೆ ಹೋಗ್ತೀವಿ, ಮನಸ್ಸಲ್ಲಿ ಎಲ್ಲಾ ಚೆಕ್ ಆಗಿರತ್ತೆ. ಅಲ್ಲಿ ಮನಸ್ಸಲ್ಲಿ ಇರೋದಕ್ಕೆ ಮಾರ್ಕ್ಸ್ ಇಲ್ಲ, ಹೆಸರು ಹೇಳ್ಬೇಕು, ಏನು ಮಾಡ್ತೀನಿ ಅಂತ ಹೇಳ್ಬೇಕು, ಒಪ್ಪಿಗೆ ಕೇಳ್ಬೇಕು, ಅಲರ್ಜಿ ಕೇಳ್ಬೇಕು, ತಾರೀಖು ಟೈಮ್ ಹಾಕಿ ಸೈನ್ ಮಾಡ್ಬೇಕು. ಇದನ್ನ ಬೆಂಗಳೂರಲ್ಲಿ ಈಗಿಂದಲೇ ಮಾಡಿ, ನಿಮ್ಮ ನೈಟ್ ಡ್ಯೂಟಿಯಲ್ಲಿ ದಿನಕ್ಕೆ ಇಬ್ಬರು ಪೇಷೆಂಟ್‌ಗಾದ್ರೂ ಪೂರ್ತಿ ಹೀಗೆ ಹೇಳಿ ಹೇಳಿ ಮಾಡಿ. ಅವಳು ಎರಡನೇ ಸಲ ಪಾಸಾದ್ಲು, ಈಗ ಅಲ್ಲೇ ಸಿಸ್ಟರ್ ಇನ್‌ಚಾರ್ಜ್.

ಆದ್ರೆ ಯುಕೆ ಈಸಿ ಅಂತ ನಿಮ್ಮ ಫ್ರೆಂಡ್ಸ್ ಹೇಳೋದು ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಈಗ ಅಲ್ಲಿನ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಹೊರದೇಶದ ನೇಮಕಾತಿ ತುಂಬಾ ಕಮ್ಮಿ ಆಗಿದೆ, ಅವರ ಕಾಲೇಜಿಂದ ಹೊರಬಂದ ಮಕ್ಕಳಿಗೇ ಕೆಲಸ ಇಲ್ಲ ಅನ್ನೋ ಪರಿಸ್ಥಿತಿ ಕೆಲವು ಕಡೆ. ಸಿಕ್ಕಿದ್ರೆ ಒಳ್ಳೇದೇ, ಇಂಗ್ಲೆಂಡಲ್ಲಿ ಬ್ಯಾಂಡ್ 5, ಅಂದ್ರೆ ಸ್ಟಾಫ್ ನರ್ಸ್ ಗ್ರೇಡ್‌ನ ಶುರುವಿನ ಸಂಬಳ 2025-26ಕ್ಕೆ ವರ್ಷಕ್ಕೆ 31,049 ಪೌಂಡ್. ಬೇರೆ ವೀಸಾದವರು ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ತಾರೆ, ಹೆಲ್ತ್ ಅಂಡ್ ಕೇರ್ ವೀಸಾದ ನರ್ಸ್‌ಗೂ ಗಂಡ ಮಕ್ಕಳಿಗೂ ಅದು ಮಾಫಿ. ಪರ್ಮನೆಂಟ್ ಆಗೋಕೆ ಇರೋ 5 ವರ್ಷವನ್ನ 10ಕ್ಕೆ ಏರಿಸೋ ಪ್ರಸ್ತಾಪ 2025ರಲ್ಲಿ ಬಂದಿದೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಯಾರಾದ್ರೂ ಮೊದ್ಲು ಕೇರರ್ (ವಯಸ್ಸಾದವರನ್ನ, ಕೈಲಾಗದವರನ್ನ ನೋಡ್ಕೊಳ್ಳೋರು) ಆಗಿ ಹೋಗಿ ಆಮೇಲೆ ನರ್ಸ್ ಆಗ್ಬಹುದು ಅಂದ್ರೆ ಎದ್ದು ಬನ್ನಿ, ಹೊರದೇಶದಿಂದ ಕೇರರ್‌ಗಳನ್ನ ತಗೊಳ್ಳೋದು 2025ರ ಜುಲೈ 22ಕ್ಕೆ ನಿಂತಿದೆ. ಯುಕೆಯಲ್ಲಿ ಕೆಲಸ ಕೊಡಿಸೋಕೆ ಅಭ್ಯರ್ಥಿಯಿಂದ ದುಡ್ಡು ತಗೊಳ್ಳೋದೇ ಕಾನೂನುಬಾಹಿರ. ಆಫರ್ ಬಂದ್ರೆ ಆ ಸಂಸ್ಥೆ ಬ್ರಿಟಿಷ್ ಸರ್ಕಾರದ ಲೈಸೆನ್ಸ್ಡ್ ಸ್ಪಾನ್ಸರ್ ಪಟ್ಟಿಯಲ್ಲಿ ಇದೆಯಾ, ಏಜೆನ್ಸಿ ಎನ್‌ಎಚ್‌ಎಸ್ ಎಂಪ್ಲಾಯರ್ಸ್‌ನ ಎಥಿಕಲ್ ರಿಕ್ರೂಟರ್ ಪಟ್ಟಿಯಲ್ಲಿ ಇದೆಯಾ, ಎರಡೂ ನೋಡಿ, ಎರಡೂ ಫ್ರೀ.

ಮತ್ತೆ ಯುಕೆ ರಿಜಿಸ್ಟ್ರೇಷನ್‌ಗೆ ಇನ್ನೊಂದು ಬೆಲೆ ಬಂದಿದೆ. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಯುಕೆ, ಐರ್ಲೆಂಡ್, ಸಿಂಗಾಪುರದಂಥ ಕೆಲವು ಕಡೆ ರಿಜಿಸ್ಟರ್ ಆಗಿ 1,800 ಗಂಟೆ ಕೆಲಸ ಮಾಡಿದ ನರ್ಸ್‌ಗಳಿಗೆ ಮತ್ತೆ ಪರೀಕ್ಷೆ ಇಲ್ಲದ ದಾರಿ ತೆಗೆದಿದೆ. 1,800 ಗಂಟೆ ಅಂದ್ರೆ ಹೆಚ್ಚುಕಮ್ಮಿ ಒಂದು ವರ್ಷದ ಫುಲ್ ಟೈಮ್ ಕೆಲಸ. ಐರ್ಲೆಂಡನ್ನ ನಮ್ಮೋರು ಮರೀತಾರೆ, ಅಲ್ಲೂ ಅರ್ಜಿ ಹಾಕಿ ನೋಡಿ.

ಜರ್ಮನಿ ಬಗ್ಗೆ ಚಿಕ್ಕದಾಗಿ. ಅಲ್ಲಿ ಒಳ್ಳೆ ಎಂಪ್ಲಾಯರ್ ಭಾಷೆ ಕಲಿಸೋ ಖರ್ಚೂ ಕೊಡ್ತಾನೆ, ಜನ ಬೇಕಾಗಿದಾರೆ. ಆದ್ರೆ ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗೋಕೆ ಸಾಮಾನ್ಯವಾಗಿ ಬಿ2 ಮಟ್ಟದ ತನಕ ಜರ್ಮನ್ ಭಾಷೆ ಬೇಕು, ಒಂದು ವರ್ಷ ದಿನಾ ಕೂರ್ಬೇಕು. ನಮ್ಮ ಓದಲ್ಲಿ ಏನು ಕೊರತೆ ಅಂತ ಒಂದು ಪತ್ರ ಬರತ್ತೆ, ಅದಕ್ಕೆ ಪರೀಕ್ಷೆನೋ ಟ್ರೈನಿಂಗೋ ಮುಗಿಸೋ ತನಕ ಹೆಲ್ಪರ್ ಸಂಬಳ. ಎರಡು ವರ್ಷದ ಮಗು, ಶಿಫ್ಟ್ ಡ್ಯೂಟಿ ಇಟ್ಕೊಂಡು ಇದಾಗತ್ತಾ ಅಂತ ನೀವೇ ಗಂಡನ ಜೊತೆ ಕೂತು ಯೋಚಿಸಿ, ಅವರು ಒಂದು ವರ್ಷ ಮಗು ನೋಡ್ಕೊಳ್ತಾರೆ ಅಂದ್ರೆ ನಂಗೆ ಇದು ಇವತ್ತಿನ ಸ್ಥಿತಿಯಲ್ಲಿ ಯುಕೆಗಿಂತ ಗಟ್ಟಿ ದಾರಿ ಅನ್ಸತ್ತೆ. ಜರ್ಮನ್ ಕಲಿಸೋ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1, ಅಂದ್ರೆ ಮೊದಲನೇ ಮಟ್ಟದ ಒಂದು ಬ್ಯಾಚ್ ಕೂತು ನೋಡಿ, ಅಷ್ಟರಲ್ಲಿ ನಿಮಗೇ ಗೊತ್ತಾಗತ್ತೆ.

ಗಲ್ಫ್ ನೀವು ಕೇಳಿಲ್ಲ, ಒಂದೇ ಮಾತು: 2015ರಿಂದ ಸೌದಿ ಕುವೈತ್ ಸೇರಿದಂತೆ 18 ದೇಶಗಳಿಗೆ ಹೋಗೋ ನರ್ಸ್‌ಗಳಿಗೆ ಇಸಿಎನ್‌ಆರ್ (ಕ್ಲಿಯರೆನ್ಸ್ ಬೇಡ ಅನ್ನೋ ಥರದ) ಪಾಸ್‌ಪೋರ್ಟ್ ಇದ್ರೂ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ನೋಡ್ಕೊಳ್ಳೋಣ ಅನ್ನೋರ ಮಾತು ಕೇಳ್ಬೇಡಿ.

ಈಗ ನಿಮ್ಮ ಒರಿಜಿನಲ್ಸ್. ಇದು ಎಲ್ಲಕ್ಕಿಂತ ಮೊದ್ಲು ಆಗ್ಬೇಕಾದ್ದು. ನಾನು 2006ರಲ್ಲಿ ಸೌದಿಗೆ ಹೋಗೋ ಮುಂಚೆ ಒಂದು ಏಜೆನ್ಸಿ ನನ್ನ ಮಾರ್ಕ್ಸ್ ಕಾರ್ಡ್ ಹನ್ನೊಂದು ತಿಂಗಳು ಇಟ್ಕೊಂಡಿತ್ತು, ಅಷ್ಟರಲ್ಲಿ ಬಂದ ಒಂದು ಸರ್ಕಾರಿ ಆಸ್ಪತ್ರೆ ಇಂಟರ್‌ವ್ಯೂಗೆ ತೋರಿಸೋಕೆ ಕೈಲಿ ಏನೂ ಇರಲಿಲ್ಲ, ಆ ದಿನ ಬಸ್ ಸ್ಟ್ಯಾಂಡಲ್ಲಿ ಕೂತಿದ್ದು ಇವತ್ತಿಗೂ ಮರೆತಿಲ್ಲ. ಯಾವ ದೇಶದ ಲೈಸೆನ್ಸ್‌ಗೂ ಏಜೆಂಟ್ ಹತ್ರ ಒರಿಜಿನಲ್ ಇರೋ ಅಗತ್ಯ ಇಲ್ಲ. ವೆರಿಫಿಕೇಷನ್ ಹೋಗೋದು ಯೂನಿವರ್ಸಿಟಿಯಿಂದ, ನರ್ಸಿಂಗ್ ಕೌನ್ಸಿಲಿಂದ. ಗಂಡನ ಜೊತೆ ಹೋಗಿ, ಬರವಣಿಗೆಯಲ್ಲಿ ಕೇಳಿ, ಪತ್ರದ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. 25 ಸಾವಿರ ವಾಪಸ್ ಬರತ್ತೋ ಇಲ್ವೋ ಅದಕ್ಕೆ ಸರ್ಟಿಫಿಕೇಟ್‌ನ ಗಂಟು ಹಾಕೋಕೆ ಬಿಡ್ಬೇಡಿ, ಮೊದ್ಲು ಕಾಗದ, ಆಮೇಲೆ ದುಡ್ಡಿನ ಮಾತು. ಕೊಡಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟು, ಜೊತೆಗೆ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಆಫೀಸಿಗೆ ದೂರು. ಪಾಸ್‌ಪೋರ್ಟ್ ಕೂಡ ಅವ್ರತ್ರ ಇದ್ರೆ ಅದು ಭಾರತ ಸರ್ಕಾರದ ಆಸ್ತಿ, ಅವರು ಇಟ್ಕೊಳ್ಳೋಕೆ ಹಕ್ಕೇ ಇಲ್ಲ ಅಂತ ಮುಖಕ್ಕೆ ಹೇಳಿ.

ಕಾಗದ ಕೈಗೆ ಬಂದ ತಕ್ಷಣ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಇದೇ ದೊಡ್ಡ ತೊಂದ್ರೆ, ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಸುಮಾ ಟಿ.ಎಂ., ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಅಪ್ಪನ ಹೆಸರು, ಕೌನ್ಸಿಲ್ ರಿಜಿಸ್ಟ್ರೇಷನ್‌ನಲ್ಲಿ ಗಂಡನ ಹೆಸರು, ಹೊರದೇಶದವರಿಗೆ ಇದು ಮೂರು ಜನ. ಮೊದ್ಲೇ ಅಫಿಡವಿಟ್ ಮಾಡಿಸಿ, ಸಾಧ್ಯ ಆದ್ರೆ ದಾಖಲೆಯಲ್ಲೇ ತಿದ್ದಿಸಿ. ಆಮೇಲೆ ಕೆಎಸ್‌ಎನ್‌ಸಿ (ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್) ರಿನ್ಯೂವಲ್ ಆಗಿದೆಯಾ ನೋಡಿ, ಆರ್‌ಜಿಯುಎಚ್‌ಎಸ್‌ಗೆ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ, ಥಿಯರಿ ಎಷ್ಟು ಗಂಟೆ ಪ್ರಾಕ್ಟಿಕಲ್ ಎಷ್ಟು ಗಂಟೆ ಅನ್ನೋದು ವಿಷಯವಾರು ಇರ್ಬೇಕು. ಎಕ್ಸ್‌ಪೀರಿಯನ್ಸ್ ಲೆಟರ್‌ನ ಕೆಲಸ ಬಿಡೋ ದಿನ ಕೇಳ್ಬೇಡಿ, ಈಗಲೇ ಎಚ್‌ಆರ್ ಹತ್ರ ಹೋಗಿ ಫುಲ್ ಟೈಮ್ ಸ್ಟಾಫ್ ನರ್ಸ್, ಐಸಿಯು, ಎಷ್ಟು ಬೆಡ್, ವಾರಕ್ಕೆ ಎಷ್ಟು ಗಂಟೆ ಅಂತ ಬರೆಸಿ ಇಟ್ಕೊಳ್ಳಿ. ಇಷ್ಟಾದ ಮೇಲೆ ಒಇಟಿನಾ, ಎನ್‌ಕ್ಲೆಕ್ಸಾ, ಜರ್ಮನ್ನಾ ಅಂತ ನಂಗೆ ಇನ್ನೊಂದ್ಸಲ ಬರೀರಿ, ಆ ಕನ್ಸಲ್ಟೆನ್ಸಿಯವರ ಬಾಂಡ್ ಪೇಪರ್ ಕಾಪಿ ಇದ್ರೆ ಅದನ್ನೂ ಹೆಸರು ಮುಚ್ಚಿ ಕಳಿಸಿ, ಒಂದೊಂದು ಸಾಲೂ ಓದಿ ಹೇಳ್ತೀನಿ.